ಬೀಳೋ ಗೋಡೆ ಮತ್ತೆ ಒಂದು ಕ್ಯಾಲೆಂಡರು: ಗಣಪತಿ ಸ್ಟೇಜಿಗೆ ಸ್ಲಾಪ್‌ಸ್ಟಿಕ್ ಕಟ್ಟಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಬಡಗಿ ಅಲ್ಲ. ಮನೇಲಿ ಒಂದು ಡ್ರಿಲ್ ಮಷೀನು, ಕೈಗರಗಸ, ಸುತ್ತಿಗೆ, ಬಿಸ್ಕತ್ ಡಬ್ಬದ ತುಂಬ ಹಳೇ ಸ್ಕ್ರೂ, ಇಷ್ಟೇ ನನ್ನ ಆಸ್ತಿ. ಆದ್ರೂ ಈ ಸಲ ನಮ್ಮ ಬಡಾವಣೆ ಗಣಪತಿ ಕಾರ್ಯಕ್ರಮಕ್ಕೆ ಹತ್ತಡಿ ಎತ್ತರದ ಗೋಡೆ ಒಂದನ್ನ ಕಟ್ಟಿ, ಅದನ್ನ ಒಬ್ಬ ಹುಡುಗನ ಮೇಲೆ ಬೀಳ್ಸಿ, ಅವನು ಕಿಟಕಿ ತೂತಿನೊಳಗೆ ಪಾರಾಗಿ ನಿಲ್ಲೋ ಹಂಗೆ ಮಾಡ್ಬೇಕು ಅಂತ ಹೊರಟೆ. ಯಾಕೆ ಅಂದ್ರೆ ಭಾವನ ಜೊತೆ ಜಗಳ.

ಜಗಳ ಇಷ್ಟೆ. ಊಟ ಆದ್ಮೇಲೆ ಮಕ್ಕಳಿಗೆ ಬಸ್ಟರ್ ಕೀಟನ್ ಹಾಕ್ಕೊಟ್ಟು ಕೂತಿದ್ವಿ, ಮೂಕಿ ಸಿನಿಮಾ ಕಾಲದ ನಟ, ಸ್ಲಾಪ್‌ಸ್ಟಿಕ್ ಅಂತಾರಲ್ಲ, ಬೀಳೋದು ಏಳೋದು ಹೊಡೆಸ್ಕೊಳ್ಳೋದರಲ್ಲೇ ನಗಿಸೋ ಕಾಮಿಡಿ, ಅದರ ದೊಡ್ಡ ಹೆಸರು. 1920ರ ಸಿನಿಮಾ, 'ಒನ್ ವೀಕ್' ಅಂತ, ಇಪ್ಪತ್ತು ನಿಮಿಷ ಆಸುಪಾಸು. ಹೊಸದಾಗಿ ಮದ್ವೆ ಆದ ಜೋಡಿಗೆ ಪೆಟ್ಟಿಗೆಗಳಲ್ಲಿ ತುಂಬಿರೋ ರೆಡಿಮೇಡ್ ಮನೆ ಉಡುಗೊರೆ ಬರುತ್ತೆ, ನಂಬರ್ ನೋಡ್ಕೊಂಡು ಜೋಡಿಸ್ಕೋಬೇಕು, ಆ ಹುಡುಗಿನ ಮದ್ವೆ ಆಗ್ಬೇಕು ಅಂತಿದ್ದ ಇನ್ನೊಬ್ಬ ಹೊಟ್ಟೆಕಿಚ್ಚಿಗೆ ಪೆಟ್ಟಿಗೆ ನಂಬರ್ ತಿದ್ದಿಬಿಡ್ತಾನೆ, ಮನೆ ಸೊಟ್ಟಂಬಟ್ಟ ಎದ್ದು ನಿಲ್ಲುತ್ತೆ. ಮಕ್ಕಳು ಬಿದ್ದು ಬಿದ್ದು ನಗ್ತಿದ್ವು. ಭಾವ ತಾಂಬೂಲ ಮೆಲ್ತಾ, 'ನೋಡು ಮಾರಾಯ, ಇದಕ್ಕೆ ಕತೆ ಯಾಕೆ ಬೇಕು ಹೇಳು? ಬೀಳ್ತಾನೆ, ಏಳ್ತಾನೆ, ಮತ್ತೆ ಬೀಳ್ತಾನೆ, ನಗು ಬರುತ್ತೆ. ಆ ನಂಬರ್ ತಿದ್ದೋ ಕತೆ ಎಲ್ಲ ತೆಗೆದ್ರೂ ನಗು ಬರುತ್ತೆ' ಅಂದ್ರು. ನಾನು ಬರಲ್ಲ ಅಂದೆ. ಹಂಗಾದ್ರೆ ತೋರ್ಸು ಅಂದ್ರು. ನಮ್ಮ ಭಾವನ ಹತ್ರ 'ತೋರ್ಸು' ಅನ್ನೋ ಮಾತು ಬಂದ್ರೆ ಅಲ್ಲಿಗೆ ನನ್ನ ಒಂದು ತಿಂಗಳ ಭಾನುವಾರ ಹೋಯ್ತು ಅಂತ ಲೆಕ್ಕ.

ಸಾಮಾನಿನ ಪಟ್ಟಿ ಕೇಳೋರಿಗೆ: ಭಾವನ ತೋಟದ ಅಡಿಕೆ ದಬ್ಬೆ, ಎರಡಿಂಚಿನ ಮೂರು ರೀಪರ್, ಎಲೆಕ್ಷನ್ ಮುಗಿದ್ಮೇಲೆ ಯಾರ್ದೋ ಶೆಡ್ಡಲ್ಲಿ ಬಿದ್ದಿದ್ದ ಫ್ಲೆಕ್ಸು (ಮುಖ ಹಿಂದ್ಗಡೆಗೆ ಮಾಡಿ ಹಾಕಿದೀವಿ, ಯಾರ್ ಮುಖ ಅಂತ ಕೇಳ್ಬೇಡಿ), ನಾಕು ಹಿಂಜಸ್, ನೀರಿನ ಪೈಪಿಗೆ ಸುತ್ತೋ ಫೋಮ್ ಕೊಳವೆ, ಹಗ್ಗ, ಕೆಮ್ಮಣ್ಣು ಬಣ್ಣದ ಡಿಸ್ಟೆಂಪರ್. ದುಡ್ಡು ಖರ್ಚಾಗಿದ್ದು ಹಿಂಜಸ್ಸಿಗೆ, ಫೋಮಿಗೆ, ಪೇಂಟಿಗೆ ಮಾತ್ರ. ಫ್ರೇಮು ಹತ್ತಡಿ ಎತ್ತರ, ಏಳಡಿ ಅಗಲ. ಲಗೇಜ್ ತೂಗೋ ತಕ್ಕಡಿಗೆ ಹಾಕಿದ್ರೆ ಏಳು ಕೆಜಿ ಚಿಲ್ಲರೆ. ಕೀಟನ್ ಕಟ್ಟಿಸಿದ್ದು ಟನ್ ಲೆಕ್ಕದ ಗೋಡೆ, ಅದು 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ, ಮನೆ ಗೋಡೆ ಹಿಂಗೇ ಅವನ ಮೇಲೆ ಬಿದ್ದು ಅವನು ಕಿಟಕಿ ತೂತಲ್ಲಿ ಉಳ್ಕೊಳ್ತಾನೆ, ಅವನ ಮೈಗೂ ಕಿಟಕಿ ಚೌಕಟ್ಟಿಗೂ ಮಧ್ಯೆ ಇಂಚುಗಳಷ್ಟೇ ಜಾಗ ಇತ್ತು. ಈ ಗೋಡೆ ಆಟನ ಅವನು ಒಂದೇ ಸಲಕ್ಕೆ ಮಾಡಿದ್ದಲ್ಲ, 1919ರಲ್ಲಿ ಆರ್ಬಕಲ್ ಅನ್ನೋ ಇನ್ನೊಬ್ಬ ಕಾಮಿಡಿ ನಟನ ಜೊತೆಗಿನ ಚಿತ್ರದಲ್ಲಿ ನಾಟಕದ ಸೆಟ್ಟಿನ ಗೋಡೆ ಹಂಗೆ ಬೀಳುತ್ತೆ, 1920ರಲ್ಲಿ ಈ ಸೊಟ್ಟ ಮನೆ ಗೋಡೆ, ಆಮೇಲೆ 1928ರಲ್ಲಿ ದೊಡ್ಡದು. ಒಂದೇ ಜೋಕನ್ನ ಒಂಬತ್ತು ವರ್ಷ ತಿದ್ದಿದಾನೆ. ನನಗೆ ನಾಕು ಭಾನುವಾರ.

ಮೊದ್ಲನೇ ಭಾನುವಾರ ಕಟ್ಟಿದ್ದು ಗೋಡೆ ಅಲ್ಲ, ಕೋಲು. ಮಗಳು ಎಲ್ಲೋ ಓದ್ಕೊಂಡು ಬಂದು 'ಅಪ್ಪ, ಸ್ಲಾಪ್‌ಸ್ಟಿಕ್ ಅಂದ್ರೆ ನಿಜವಾಗ್ಲೂ ಒಂದು ಸ್ಟಿಕ್ಕಂತೆ, ಗೊತ್ತಾ' ಅಂದ್ಳು. ಹೌದು, ಇಟಲಿಯ ಹಳೇ ಬೀದಿ ನಾಟಕದೋರು, ಕಾಮೆಡಿಯಾ ಡೆಲ್ ಆರ್ಟೆ ಅಂತಾರಲ್ಲ, ಹದಿನಾರನೇ ಶತಮಾನದಿಂದ ಆಡ್ಕೊಂಡು ಬಂದಿದ್ದು, ಅದರಲ್ಲಿ ಅರ್ಲೆಕಿನೊ ಅನ್ನೋ ಚಿತ್ತಾರದ ಬಟ್ಟೆ ಪಾತ್ರದ ಕೈಲಿ ಇರ್ತಿದ್ದ ಕೋಲು. ಅವರು ಅದಕ್ಕೆ ಬಟಾಕ್ಕಿಯೊ ಅಂತಿದ್ರು. ಎರಡು ತೆಳ್ಳನೆ ಪಟ್ಟಿ, ಮಧ್ಯೆ ಸಂದು, ಹಿಡಿ ಕಡೆ ಮಾತ್ರ ಸೇರ್ಸಿರ್ತಾರೆ. ಮೆಲ್ಲಗೆ ತಟ್ಟಿದ್ರೂ ಎರಡು ಪಟ್ಟಿ ಒಂದಕ್ಕೊಂದು ಬಡ್ಕೊಂಡು ಚಟಾರ್ ಅನ್ನುತ್ತೆ, ಹೊಡೆಸ್ಕೊಂಡೋನಿಗೆ ನೋವಾಗಲ್ಲ, ನೋಡೋರಿಗೆ ಮಾತ್ರ ಬೆನ್ನು ಮುರೀತೇನೋ ಅನ್ಸುತ್ತೆ. ಆಮೇಲೆ ಈ ಥರದ ಕಾಮಿಡಿಗೆಲ್ಲ ಅದೇ ಹೆಸರು ಅಂಟ್ಕೊಳ್ತು.

ನಾನು ಮೊದ್ಲು ಎರಡು ಮರದ ಸ್ಕೇಲ್ ತಗೊಂಡು ಬುಡಕ್ಕೆ ಫೆವಿಕಾಲ್ ಹಾಕಿ ಅಂಟ್ಸಿದೆ. ಟಪ್. ಅಷ್ಟೇ ಸದ್ದು, ಚಪಾತಿ ಬಿದ್ದಂಗೆ. ಸಂದಿಲ್ಲದೆ ಪಟ್ಟಿ ಎಲ್ಲಿಂದ ಬಂದು ಬಡ್ಕೋಬೇಕು ಹೇಳಿ. ಎರಡನೇದು ಸಿಲ್ವರ್ ಓಕ್ ಪಟ್ಟಿ, ಹನ್ನೆರಡು ಎಂಎಂ ದಪ್ಪ, ಬಾಗೋದೇ ಇಲ್ಲ, ಅದರಲ್ಲಿ ಹೊಡೆದ್ರೆ ನಿಜವಾಗ್ಲೂ ಬಾಸುಂಡೆ ಬರುತ್ತೆ (ನನ್ನ ತೊಡೆ ಮೇಲೆ ನಾನೇ ಟೆಸ್ಟ್ ಮಾಡ್ಕೊಂಡಿದ್ದು, ಬಂತು). ಮೂರನೇದು ಸರಿ ಹೋಯ್ತು: ನಾಕು ಎಂಎಂ ಪ್ಲೈವುಡ್, ಹದಿನಾರಿಂಚು ಉದ್ದ, ಎರಡೂವರೆ ಇಂಚು ಅಗಲದ ಎರಡು ಪಟ್ಟಿ, ಹಿಡಿ ಕಡೆ ಐದಿಂಚಿಗೆ ಮಧ್ಯೆ ಆರು ಎಂಎಂ ತುಂಡು ಇಟ್ಟು ಮೂರು ಸ್ಕ್ರೂ. ತುದಿ ಕಡೆ ಬರ್ತಾ ಒಂದು ಪಟ್ಟಿನ ಮರಳು ಕಾಗದದಲ್ಲಿ ಉಜ್ಜಿ ಇನ್ನೂ ತೆಳು ಮಾಡಿದೆ, ಆ ಪಟ್ಟಿ ಬಾಗ್ಬೇಕು, ಇನ್ನೊಂದು ಗಟ್ಟಿ ನಿಲ್ಬೇಕು, ಎರಡೂ ಬಾಗಿದ್ರೆ ಸದ್ದು ಒಡೆದು ಹೋಗುತ್ತೆ. ಮೂಲೆಗಳನ್ನ ಉರುಟು ಮಾಡಿ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ ಅಂಗೈಗೆ ತಟ್ಟಿದೆ. ಒಳಗಿಂದ ಅತ್ತೆ 'ಏನಾಯ್ತೋ, ಯಾರಿಗ್ ಹೊಡ್ದೆ' ಅಂತ ಓಡ್ಬಂದ್ರು. ಪಾಸು.

ಎರಡನೇ ಭಾನುವಾರ ಗೋಡೆ. ಇಲ್ಲೇ ನನ್ನ ಮಾನ ಹೋಗಿದ್ದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ, ಇದನ್ನ ಓದ್ಕೊಂಡು ಯಾರಾದ್ರೂ ಮಾಡೋರಿದ್ರೆ ನನ್ನ ತಪ್ಪು ಮಾಡ್ಬೇಡಿ.

ಗೋಡೆ ಬುಡದಲ್ಲಿ ಹಿಂಜಸ್. ಹುಡುಗನ ಹಿಮ್ಮಡಿ ಅಲ್ಲಿಂದ ಆರಡಿ ಮುಂದೆ. ಹುಡುಗನ ಎತ್ತರ ನಾಲ್ಕೂವರೆ ಅಡಿ. ಗೋಡೆ ನೆಲಕ್ಕೆ ಮಲಗಿದಾಗ ಅವನ ಪಾದ ಇರೋ ಜಾಗ ಬುಡದಿಂದ ಆರರಿಂದ ಏಳಡಿ ಮಧ್ಯೆ ತಾನೆ, ಹಂಗಾಗಿ ಐದೂವರೆಯಿಂದ ಏಳೂವರೆ ಅಡಿವರೆಗೆ ಕಿಟಕಿ ಕೊಯ್ದ್ರೆ ಎರಡೂ ಕಡೆ ಆರಾರಿಂಚು ಜಾಗ ಸಿಗುತ್ತೆ ಅಂತ ನನ್ನ ಲೆಕ್ಕ. ಕಿವಿ ಮೇಲೆ ಪೆನ್ಸಿಲ್ ಸಿಕ್ಕಿಸ್ಕೊಂಡು, ಸುತ್ತ ನಿಂತಿದ್ದ ಹತ್ತು ಹನ್ನೆರಡು ಮಕ್ಕಳಿಗೂ ಭಾವನಿಗೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ಚಿತ್ರ ಬರೆದು ಅರ್ಧ ಗಂಟೆ ಪಾಠ ಮಾಡಿದೆ. ಹುಡುಗನ ಬದಲು ದೃಷ್ಟಿಬೊಂಬೆ ನಿಲ್ಸಿದ್ವಿ, ಮನೆ ಕಟ್ಟೋವಾಗ ತೂಗು ಹಾಕ್ತಾರಲ್ಲ ಅದೇ ಥರದ್ದು, ಪೊರಕೆ ಕೋಲಿಗೆ ನನ್ನ ಹಳೇ ಶರ್ಟು, ತಲೆಗೆ ಸುಣ್ಣದ ಬೊಟ್ಟಿಟ್ಟ ಮಡಕೆ, ಮೀಸೆ ಬೇರೆ. 'ಈಗ ನೋಡಿ, ಒಂದಿಂಚೂ ತಾಗಲ್ಲ' ಅಂತ ಹೇಳಿ ಹಗ್ಗ ಬಿಟ್ಟೆ.

ಕಿಟಕಿಯ ಮೇಲಿನ ಅಡ್ಡಪಟ್ಟಿ ಬಂದು ಮಡಕೆ ಹಿಂಭಾಗಕ್ಕೆ ಟಣ್ ಅಂತ ಬಡಿದು, ಮಡಕೆ ಹಾರಿ ಸಿಮೆಂಟ್ ಮೇಲೆ ಬಿದ್ದು ಎರಡು ಹೋಳು. ಮೀಸೆ ಇರೋ ಹೋಳು ಉರುಳ್ಕೊಂಡು ನನ್ನ ಕಾಲ ಹತ್ರಾನೇ ಬಂತು. ಜನ ನಕ್ಕಿದ್ದು ಹೆಂಗೆ ಅಂತೀರಿ, ಭಾವ ಕಟ್ಟೆ ಹಿಡ್ಕೊಂಡು ಕೂತ್ಬಿಟ್ರು. ಉಸಿರು ಬಂದ್ಮೇಲೆ ಮೊದ್ಲನೇ ಮಾತು: 'ಈಗ ಹೇಳು ಮಾರಾಯ, ಇದ್ರಲ್ಲಿ ಕತೆ ಎಲ್ಲಿತ್ತು?'

ಅವತ್ತು ಉತ್ತರ ಹೊಳೀಲಿಲ್ಲ. ರಾತ್ರಿ ಮಲಗಿದ್ಮೇಲೆ ಹೊಳೀತು. ಅರ್ಧ ಗಂಟೆ ಪಾಠ ಮಾಡಿದೋನು ನಾನು, ಕಿವಿ ಮೇಲೆ ಪೆನ್ಸಿಲ್ ಇಟ್ಕೊಂಡೋನು ನಾನು, ಒಂದಿಂಚೂ ತಾಗಲ್ಲ ಅಂದೋನೂ ನಾನೇ. ಕತೆ ನಾನೇ ಆಗಿದ್ದೆ. ಬೆಳಿಗ್ಗೆ ಫೋನ್ ಮಾಡಿ ಇದನ್ನ ಹೇಳಿದ್ರೆ ಭಾವ ಒಪ್ಪಲಿಲ್ಲ, ಸೋತೋನು ಹಿಂಗೇ ಮಾತಾಡೋದು ಅಂದ್ರು.

ಲೆಕ್ಕದ ತಪ್ಪೇನು ಅಂದ್ರೆ, ಗೋಡೆ ಮೇಲಿಂದ ಲಿಫ್ಟ್ ಥರ ನೆಟ್ಟಗೆ ಇಳಿಯಲ್ಲ, ಬಾಗಿಲ ಥರ ತಿರುಗ್ಕೊಂಡು ಬರುತ್ತೆ, ಪಾದಕ್ಕಿಂತ ಮೊದ್ಲು ತಲೆಗೆ ಸಿಗುತ್ತೆ. ತಲೆ ಹಿಂಭಾಗ ಹಿಂಜಸ್ಸಿಂದ ಎಷ್ಟು ದೂರ? ಹೈಸ್ಕೂಲ್ ಪೈಥಾಗೊರಸ್. ಆರರ ವರ್ಗ 36, ನಾಲ್ಕೂವರೆ ವರ್ಗ 20.25, ಕೂಡಿದ್ರೆ 56.25, ವರ್ಗಮೂಲ ಸರಿಯಾಗಿ 7.5. ಅಂದ್ರೆ ನನ್ನ ಕಿಟಕಿ ಮೇಲಂಚು ಎಲ್ಲಿತ್ತೋ ಅದೇ ಜಾಗಕ್ಕೆ ಗುರಿ ಇಟ್ಟು ಹೊಡ್ದಂಗೆ ಆಗಿದೆ. ಹಣೆ ಕಡೆ ಲೆಕ್ಕ ಹಾಕಿದ್ರೆ ಏಳರ ವರ್ಗ 49, ಅದಕ್ಕೆ 20.25, ಮೂಲ ತೆಗೆದ್ರೆ ಎಂಟಡಿ ನಾಲ್ಕಿಂಚು. ಕಿಟಕಿ ಆರಡಿಯಿಂದ ಎಂಟಡಿ ನಾಲ್ಕಿಂಚಿನವರೆಗೆ ಬೇಕೇ ಬೇಕು. ನಾನು ಐದಡಿ ಒಂಬತ್ತಿಂಚಿಂದ ಎಂಟಡಿ ಒಂಬತ್ತಿಂಚಿನವರೆಗೆ ಕೊಯ್ದೆ, ಅಗಲ ಎರಡೂವರೆ ಅಡಿ, ಸುತ್ತ ಫೋಮ್ ಕೊಳವೆ. ಇನ್ನೊಂದು ಮಜಾ ಏನಂದ್ರೆ, ದೂರ ನಿಂತಷ್ಟೂ ಕಿಟಕಿ ಚಿಕ್ಕದಿದ್ರೆ ಸಾಕು. ಹನ್ನೆರಡಡಿ ದೂರದಲ್ಲಿ ಐದೂವರೆ ಅಡಿ ಆಳು ನಿಂತ್ರೆ ಎರಡಡಿ ಚಿಲ್ಲರೆ ತೂತು ಸಾಕಾಗುತ್ತೆ. 1928ರ ಸಿನಿಮಾದಲ್ಲಿ ಕಿಟಕಿ ಅಷ್ಟು ಮೇಲೆ, ಅಟ್ಟದಲ್ಲಿ ಇದೆಯಲ್ಲ, ಅದು ಸುಮ್ಮನೆ ಅಲ್ಲ ಅಂತ ನನಗೆ ಅರ್ಥ ಆಗಿದ್ದು ಆಗಲೇ.

ಹೊಸ ಕಿಟಕಿ ಆದ್ಮೇಲೆ ಇನ್ನೆರಡು ತೊಂದ್ರೆ. ಗೋಡೆ ಬೀಳ್ತಾನೇ ಇರ್ಲಿಲ್ಲ, ಇಳೀತಿತ್ತು. ಏಳು ಕೆಜಿ ಫ್ರೇಮಿಗೆ ಎಪ್ಪತ್ತು ಚದರಡಿ ಫ್ಲೆಕ್ಸ್ ಹೊದಿಸಿದ್ರೆ ಗಾಳಿ ತಡ್ಕೊಂಡು ಜಮಖಾನ ಹಾಸ್ದಂಗೆ ಮೆಲ್ಲಗೆ ಬಂದು ಮಲಗುತ್ತೆ. ದೊಡ್ಡ ಬ್ಯಾನರ್ ಕಟ್ಟೋರು ಗಾಳಿಗೆ ಅಂತ ಅರ್ಧ ಚಂದ್ರದ ಥರ ಸೀಳ್ತಾರಲ್ಲ, ಹಂಗೇ ಇಟ್ಟಿಗೆ ಗೆರೆಗಳ ಮಧ್ಯೆ ನಲವತ್ತು ಕಿಂಡಿ ಕೊಯ್ದೆ, ದೂರಕ್ಕೆ ಕಾಣಲ್ಲ. ಜೊತೆಗೆ ಗೋಡೆನ ನೆಟ್ಟಗೆ ನಿಲ್ಸೋ ಬದಲು ಮೇಲ್ತುದಿ ಎಂಟಿಂಚು ಮುಂದಕ್ಕೆ ವಾಲಿಸಿ ಹಿಂದಿನ ಕಂಬಕ್ಕೆ ಹಗ್ಗ ಬಿಗಿದೆ, ಹಗ್ಗ ಬಿಟ್ಟ ಕೂಡ್ಲೇ ಹೊರಡುತ್ತೆ, ಯೋಚನೆ ಮಾಡ್ತಾ ನಿಲ್ಲಲ್ಲ. ಮೊಬೈಲ್ ಸ್ಲೋ ಮೋಷನ್ನಲ್ಲಿ ನೋಡಿದ್ರೆ ಎರಡು ಸೆಕೆಂಡಿಗಿಂತ ಜಾಸ್ತಿ ಇದ್ದಿದ್ದು ಒಂದೂವರೆ ಹತ್ರ ಬಂತು. ಎರಡನೇ ತೊಂದ್ರೆ ಸದ್ದು. ಕಣ್ಣಿಗೆ ಗೋಡೆ, ಕಿವಿಗೆ ಚಾಪೆ. ಇಲ್ಲಿ ಮೊದ್ಲನೇ ಭಾನುವಾರದ ಕೋಲು ಕೈ ಹಿಡೀತು, ಗೋಡೆ ನೆಲಕ್ಕೆ ತಾಗೋ ಕ್ಷಣಕ್ಕೆ ಪರದೆ ಹಿಂದಿಂದ ಮಗಳು ಖಾಲಿ ಡ್ರಮ್ಮಿನ ಮೇಲೆ ಕೋಲು ಬಾರಿಸಿದ್ರೆ ಏಳು ಕೆಜಿ ಹೋಗಿ ಏಳು ಕ್ವಿಂಟಾಲ್ ಆಯ್ತು. ಧೂಳು ಏಳ್ಲಿ ಅಂತ ನೆಲಕ್ಕೆ ಒಂದ್ಹಿಡಿ ಅಕ್ಕಿಹಿಟ್ಟು ಉದುರಿಸಿದೆ, ಅತ್ತೆ ಕೈಲಿ ಬೈಸ್ಕೊಂಡೆ, ಮುಂದಿನ ಸಲದಿಂದ ಹುಳ ಹಿಡಿದ ಹಿಟ್ಟು.

ಬೊಂಬೆ ಮೇಲೆ ಇಪ್ಪತ್ತು ಸಲ ಬೀಳ್ಸಿ ಇಪ್ಪತ್ತೂ ಸಲ ಏನೂ ತಾಗ್ಲಿಲ್ಲ ಅಂದ್ಮೇಲೆ, ಆಮೇಲೆ ನಾನೇ ಮಂಡಿ ಊರಿ ಕೂತು ಮೂರು ಸಲ ಬೀಳಿಸ್ಕೊಂಡ್ಮೇಲೆ, ಎದುರುಮನೆ ಹುಡುಗನ್ನ ಅವರಮ್ಮನ ಮುಂದೇನೇ ನಿಲ್ಸಿದ್ದು. ಹೆಲ್ಮೆಟ್ ಹಾಕ್ಸಿ ಮೊದ್ಲು. ಇದನ್ನ ಮಾತ್ರ ಬಿಡ್ಬೇಡಿ.

ಮೂರನೇ ಭಾನುವಾರ ಭಾವನ ಟೆಸ್ಟು. ಕತೆ ಇಲ್ಲ, ಬರೀ ಬೀಳೋದು. ಹುಡುಗ ಬಂದ, ನೆಲದ ಮೇಲಿನ ಸೀಮೆಸುಣ್ಣದ ಗುರುತು ನೋಡ್ಕೊಂಡ, ಅದರ ಮೇಲೆ ರಾಷ್ಟ್ರಗೀತೆಗೆ ನಿಂತಂಗೆ ನಿಂತ, ಕಣ್ಣು ಮುಚ್ಕೊಂಡ. ಗೋಡೆ ಬಿತ್ತು. ಚಟಾರ್. ಧೂಳು. ಹುಡುಗ ಕಿಟಕಿ ಮಧ್ಯೆ ಸರಿಯಾಗಿ ನಿಂತಿದಾನೆ. ಸುತ್ತ ಇದ್ದೋರೆಲ್ಲ 'ಹೋ...' ಅಂದ್ರು. ಚಪ್ಪಾಳೆ ತಟ್ಟಿದ್ರು. ಇಬ್ಬರು ಮೊಬೈಲ್ ತೆಗೆದು 'ಇನ್ನೊಂದ್ಸಲ, ಇನ್ನೊಂದ್ಸಲ' ಅಂದ್ರು. ಒಬ್ಬರೂ ನಗ್ಲಿಲ್ಲ! ಭಾವನೂ ನಗ್ಲಿಲ್ಲ. ಇನ್ನೊಂದ್ಸಲ ಮಾಡಿದ್ವಿ, 'ಹೋ' ಸ್ವಲ್ಪ ಸಣ್ಣದಾಯ್ತು. ಮೂರನೇ ಸಲಕ್ಕೆ ಮಕ್ಕಳು ಕ್ರಿಕೆಟ್ಟಿಗೆ ಹೋದ್ವು. ಸರ್ಕಸ್ಸಲ್ಲಿ ಜೋಕಾಲಿ ಹಾರೋದನ್ನ ನೋಡಿದಂಗೆ ಅದು, ಮೈ ಝುಂ ಅನ್ನುತ್ತೆ, ನಗು ಬರಲ್ಲ. ಯೋಚಿಸಿ ನೋಡಿದ್ರೆ ಆ 1928ರ ಗೋಡೆ ಶಾಟನ್ನ ಯಾರಾದ್ರೂ ಹತ್ತು ಸೆಕೆಂಡ್ ಕತ್ತರಿಸಿ ಕಳ್ಸಿದಾಗ ನಾನೂ ಅಬ್ಬಾ ಅಂದಿದೀನೇ ಹೊರತು ನಕ್ಕಿರ್ಲಿಲ್ಲ.

ಆದ್ರೂ ಭಾವನ ಮಾತಲ್ಲಿ ಹುರುಳೇ ಇಲ್ಲ ಅನ್ನಕ್ಕಾಗಲ್ಲ. ನಮ್ಮ ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿಗಳು ಬಂದು ಕುಣಿದು ಹೋಗ್ತಾರೆ, ಅದಕ್ಕೂ ರಾತ್ರಿ ಪ್ರಸಂಗಕ್ಕೂ ಸಂಬಂಧ ಇಲ್ಲ, ಜನ ನೋಡ್ತಾರೆ ನಗ್ತಾರೆ. ಕೀಟನ್ ಕೂಡ ಹಂಗೇ ಶುರು ಮಾಡಿದೋನು, ಚಿಕ್ಕ ಹುಡುಗ ಇದ್ದಾಗ ಅವರಪ್ಪ ಸ್ಟೇಜ್ ಮೇಲೆ ಅವನನ್ನ ಎತ್ತಿ ಎತ್ತಿ ಒಗೀತಿದ್ದ, ಒಗೆಯೋಕೆ ಅನುಕೂಲ ಆಗ್ಲಿ ಅಂತ ಕೋಟಿನ ಬೆನ್ನಿಗೆ ಸೂಟ್‌ಕೇಸ್ ಹಿಡಿ ಹೊಲಿಸಿದ್ರು. ಆದ್ರೆ ಅಲ್ಲೂ ಒಂದು ಗಂಟಿದೆ ನೋಡಿ, ತುಂಟ ಮಗ, ಬುದ್ಧಿ ಕಲಿಸೋಕೆ ಹೊರಟ ಅಪ್ಪ. ಒಗೆಯೋನು ಅಪ್ಪ ಅಲ್ದೆ ಯಾರೋ ಆಗಿದ್ರೆ ನಗ್ತಿದ್ರಾ ಅಂತ ಭಾವನ್ನ ಕೇಳಿದೆ. ಪುಷ್ಪಕ ವಿಮಾನ ಸಿನಿಮಾದ ಮಾತು ತೆಗೆದ್ರು ಭಾವ. 'ಅದ್ರಲ್ಲಿ ಒಂದು ಮಾತಿಲ್ಲ, ನಗ್ಲಿಲ್ವಾ ನೀನು?' ಮಾತಿಲ್ಲ ಭಾವ, ಕತೆ ಇದೆಯಲ್ಲ! 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ನಮ್ಮ ಬೆಂಗಳೂರಲ್ಲೇ ತೆಗೆದಿದ್ದು, ಕೆಲಸ ಇಲ್ಲದ ಹುಡುಗ ಸಾಹುಕಾರನ್ನ ಕಟ್ಟಿ ಹಾಕಿ ಅವನ ಜಾಗದಲ್ಲಿ ಹೋಗಿ ಸ್ಟಾರ್ ಹೋಟೆಲ್ಲಲ್ಲಿ ಕೂರ್ತಾನೆ, ಅವನನ್ನ ಸಾಹುಕಾರ ಅಂದ್ಕೊಂಡು ಕೊಲ್ಲೋಕೆ ಟೀನು ಆನಂದ್ ಐಸಿನ ಚಾಕು ಹಿಡ್ಕೊಂಡು ಬರ್ತಾನೆ, ಅದು ಕೈಯಲ್ಲೇ ಕರಗುತ್ತೆ. ಕೊಲ್ಲೋಕೆ ಬಂದೋನ ಕೈಲಿ ಕರಗಿದ್ರೆ ನಗು, ಜ್ಯೂಸ್ ಅಂಗಡಿಯೋನ ಕೈಲಿ ಐಸ್ ಕರಗಿದ್ರೆ ಯಾರಿಗೆ ನಗು ಬರುತ್ತೆ. ಭಾವ ಇದಕ್ಕೆ ಸುಮ್ಮನಾದ್ರು, ಸೋತೆ ಅನ್ಲಿಲ್ಲ.

ಅವತ್ತು ಸಂಜೆ ಮಕ್ಕಳನ್ನ ಕೂರಿಸ್ಕೊಂಡು ಕತೆ ಮಾಡೋಕೆ ಹೋದೆ, ಅದು ಬೇರೆ ದುರಂತ. ನಾನು ಬರೆದಿದ್ದು ಎರಡು ಪುಟ, ಜಮೀನ್ದಾರ, ಸಾಲ, ಮನೆ ಜಪ್ತಿ, ಅಣ್ಣ ತಮ್ಮ. ಓದಿ ಮುಗಿಸೋದ್ರೊಳಗೆ ಹುಡುಗ ಆಕಳಿಸ್ದ. ಮಗಳು, 'ಅಪ್ಪ, ಅವನು ಗೋಡೆ ಮುಂದೆ ಯಾಕ್ ನಿಂತಿದಾನೆ ಅಷ್ಟ್ ಹೇಳು ಸಾಕು' ಅಂದ್ಳು.

ಈ ಒಂದು ಮಾತಿಗೆ ನಾನು ಆ ಎರಡು ಪುಟ ಹರಿದೆ.

ಯಾಕೆ ನಿಂತಿದಾನೆ? ಕ್ಯಾಲೆಂಡರ್ ಹಾಕೋಕೆ. ಹೊಸ ಮನೆ, ಗಂಡ ಗೋಡೆಗೆ ಮೊಳೆ ಹೊಡೀತಾನೆ, ಕ್ಯಾಲೆಂಡರ್ ತೂಗು ಹಾಕ್ತಾನೆ, ಹೆಂಡತಿ ದೂರದಲ್ಲಿ ಕೂತು ಸೊಪ್ಪು ಬಿಡಿಸ್ತಾ ಸೊಟ್ಟ ಇದೆ ಅಂತಾಳೆ. ಎಲ್ಲರ ಮನೇಲೂ ನಡೆದಿರೋದೇ. ಕ್ಯಾಲೆಂಡರ್ ಸರಿ ಮಾಡಿದೋನು ಏನು ಮಾಡ್ತಾನೆ ಹೇಳಿ? ನಾಕು ಹೆಜ್ಜೆ ಹಿಂದೆ ಬಂದು ನೋಡ್ತಾನೆ! ಆ ನಾಕು ಹೆಜ್ಜೆನೇ ನನ್ನ ಆರಡಿ. ಸೀಮೆಸುಣ್ಣದ ಗುರುತು ನೋಡ್ಕೊಂಡು ನಿಲ್ಲೋ ಕೆಲಸಾನೇ ಇಲ್ಲ, ಕ್ಯಾಲೆಂಡರೇ ಅವನನ್ನ ಗುರುತಿನ ಮೇಲೆ ತಂದು ನಿಲ್ಲಿಸ್ತು. ಅಲ್ಲಿ ನಿಂತು ಹೆಂಡತಿ ಕಡೆ ತಿರುಗಿ 'ಈಗ ಸರಿ ಇದ್ಯಾ?' ಅಂತ ಕೇಳ್ತಾನೆ, ಅಂದ್ರೆ ಗೋಡೆಗೆ ಬೆನ್ನು. ನೋಡೋರ ಕಣ್ಣೂ ಹೆಂಡತಿ ಮೇಲೆ ಹೋಗುತ್ತೆ. ಹಿಂದೆ ಗೋಡೆ ಹೊರಡುತ್ತೆ. 1928ರದ್ದರಲ್ಲೂ ಇದೇ ಕೆಲಸನ ಬಿರುಗಾಳಿ ಮಾಡುತ್ತೆ ಅಂತ ಆಮೇಲೆ ಮತ್ತೆ ಹಾಕ್ಕೊಂಡು ನೋಡಿದಾಗ ಕಾಣಿಸ್ತು, ಗಾಳಿ ಅವನನ್ನ ಆಸ್ಪತ್ರೆ ಮಂಚದ ಸಮೇತ ಬೀದೀಲಿ ತಳ್ಕೊಂಡು ಬಂದು ಆ ಮನೆ ಮುಂದೆ ಬಿಡುತ್ತೆ, ಅವನು ತಲೆ ಗಿರ್ ಅಂತ ಬೆನ್ನು ಹಾಕಿ ನಿಂತಿರ್ತಾನೆ. ಲಾರೆಲ್ ಹಾರ್ಡಿಯ 1932ರ ಪಿಯಾನೋ ಚಿತ್ರದಲ್ಲಿ ಕತೆ ಕೇಳಿದ್ರೆ ಒಂದೇ ಸಾಲು, ಉದ್ದನೆ ಮೆಟ್ಟಿಲ ಮೇಲಿರೋ ಮನೆಗೆ ಪಿಯಾನೋ ಹೊರಬೇಕು. ಆ ಸಾಲು ತೆಗೆದ್ರೆ ಮಾತ್ರ ಪಿಯಾನೋ ಜಾರಿ ಬಂದಾಗ ಯಾರಿಗೇನು ನಷ್ಟ.

ಹೊಸ ರಿಹರ್ಸಲ್ಲಲ್ಲಿ ನಗು ಬಂತು. ಆದ್ರೆ ಗೋಡೆ ಬಿದ್ದಾಗ ಬಂದಿದ್ದು ಚಿಕ್ಕ ನಗು. ದೊಡ್ಡದು ಆಮೇಲೆ ಬಂದಿದ್ದು, ಅದೂ ಹುಡುಗ ತಾನಾಗೇ ಮಾಡಿದ್ದಕ್ಕೆ. ಧೂಳು ಇಳೀತು, ಕಿಟಕಿ ಮಧ್ಯೆ ನಿಂತಿದಾನೆ, ಕ್ಯಾಲೆಂಡರ್ ಎಲ್ಲಿ ಅಂತ ಹುಡುಕಿದ. ಅದು ಗೋಡೆ ಕೆಳಗೆ ಸಿಕ್ಕಾಕೊಂಡಿದೆ, ಎಳೆದು ತೆಗೆದ, ಧೂಳು ಒರೆಸಿದ, ಮಲಗಿರೋ ಗೋಡೆ ಮೇಲೆ ಮೊಳೆ ಇದ್ದ ಜಾಗಕ್ಕೇ ಸರಿಯಾಗಿ ಇಟ್ಟು, ಎದ್ದು ನಾಕು ಹೆಜ್ಜೆ ಹಿಂದೆ ಬಂದು ನೋಡ್ದ. ಹೆಂಡತಿ ಪಾತ್ರದ ಹುಡುಗಿ ಸೊಪ್ಪು ಬಿಟ್ಟು ಎದ್ದು ಬಂದು ಕತ್ತು ವಾರೆ ಮಾಡಿ ನೋಡಿ, 'ಸ್ವಲ್ಪ ಎಡಕ್ಕೆ' ಅಂದ್ಳು. ಭಾವ ಕಾಫಿ ಲೋಟ ಕೆಳಗಿಟ್ರು. ನಗೋಕೆ ಅಂತ ಲೋಟ ಕೆಳಗಿಡೋ ಮನುಷ್ಯ ಅಲ್ಲ ಅವರು. ಆಮೇಲೆ ಗಂಭೀರ ಮಾಡ್ಕೊಂಡು, 'ಇಷ್ಟು ದೊಡ್ಡ ವೆಂಟಿಲೇಟರ್ ಯಾವನ ಮನೇಲಿರುತ್ತೆ ಮಾರಾಯ' ಅಂದ್ರು. ಕಿಟಕಿ ಅಷ್ಟು ಮೇಲಿದೆ ಅಂತ ಅವರೊಬ್ಬರಿಗೇ ಕಂಡಿದ್ದು.

ಸುತ್ತಿಗೆ ಥರ್ಮಾಕೋಲಿಂದು, ಮೊಳೆ ಅನ್ನೋದು ದಬ್ಬೆಗೆ ಮೊದ್ಲೇ ಕಟ್ಟಿರೋ ಕೊಕ್ಕೆ, ಹೊಡೆಯೋ ಸದ್ದು ಮತ್ತೆ ಅದೇ ಕೋಲು, ಡ್ರಮ್ ಬದಲು ಹಲಗೆ ಮೇಲೆ. ಒಂದು ಸಲ ಮಗಳು ತಡವಾಗಿ ಬಾರಿಸಿ ಹುಡುಗ ಸುತ್ತಿಗೆ ಕೆಳಗಿಟ್ಟ ಮೇಲೆ ಟಕ್ ಅಂತು, ಅವನು ಮೊಳೆ ಕಡೆ ಅನುಮಾನದಲ್ಲಿ ನೋಡಿದ, ಅದನ್ನೂ ಇಟ್ಕೊಂಡ್ವಿ.

ಕಾರ್ಯಕ್ರಮದ ದಿನ ಮಳೆ. ಶಿವಮೊಗ್ಗದಲ್ಲಿ ಗಣಪತಿಗೆ ಮಳೆ ಬರ್ದೇ ಇದ್ರೆ ಸುದ್ದಿ. ಸಂಜೆಗೆ ನಿಂತ್ರೂ ಸಾಮಾನೆಲ್ಲ ನೆಂದಿತ್ತು. ನಾನು ನೈಲಾನ್ ಹಗ್ಗ ಹಾಕ್ಬೇಕಿತ್ತು, ಮನೇಲಿ ಇತ್ತಲ್ಲ ಅಂತ ತೆಂಗಿನ ನಾರಿನ ಹಗ್ಗ ಹಾಕಿದ್ದೆ. ಒಣಗಿದ್ದಾಗ ಒಂದೆಳೆ ಎಳೆದ್ರೆ ಬಿಚ್ಚೋ ಜಾರುಗಂಟು, ನೆಂದು ಊದ್ಕೊಂಡು ಹಲ್ಲು ಕಚ್ಚಿ ಕೂತಿದೆ.

ಹುಡುಗ ಮೊಳೆ ಹೊಡ್ದ, ಕ್ಯಾಲೆಂಡರ್ ಹಾಕ್ದ, ನಾಕು ಹೆಜ್ಜೆ ಹಿಂದೆ ಬಂದ, ತಿರುಗಿ 'ಈಗ ಸರಿ ಇದ್ಯಾ?' ಅಂದ. ಪರದೆ ಹಿಂದೆ ನಾನು ಹಗ್ಗ ಎಳೀತಿದೀನಿ, ಬರ್ತಿಲ್ಲ. ಗೋಡೆ ನಿಂತೇ ಇದೆ. ನನ್ನ ಎದೆ ಡವಡವ. ಬರೀ ಬೀಳೋ ಆಟ ಆಗಿದ್ರೆ ಅವನು ಅಲ್ಲೇ ಕಂಬದ ಥರ ನಿಂತು ನನ್ನ ಕಡೆ ನೋಡ್ತಿದ್ದ, ಅಲ್ಲಿಗೆ ಮುಗೀತು. ಆದ್ರೆ ಆ ಹುಡುಗಿ ಎರಡು ಸೆಕೆಂಡ್ ಕಾದು, ಸೊಪ್ಪಿಂದ ತಲೆ ಎತ್ತಿ, 'ಸೊಟ್ಟ' ಅಂದ್ಳು. ಹುಡುಗ ವಾಪಸ್ ಹೋಗಿ ಕ್ಯಾಲೆಂಡರ್ ಸರಿ ಮಾಡ್ದ. ಮತ್ತೆ ನಾಕು ಹೆಜ್ಜೆ. 'ಈಗ?' ನಾನು ಹಲ್ಲಲ್ಲಿ ಕಚ್ತಿದೀನಿ ಹಗ್ಗನ. 'ಈಗ ಆ ಕಡೆ ಸೊಟ್ಟ.' ಮುಂದಿನ ಸಾಲಲ್ಲಿ ಕೂತಿದ್ದ ಗಂಡಸರೆಲ್ಲ ಶುರು ಮಾಡ್ಕೊಂಡ್ರು. ಅವನು ಮತ್ತೆ ಹೋದ, ಈ ಸಲ ಕ್ಯಾಲೆಂಡರನ್ನ ಕೂದಲೆಳೆಯಷ್ಟು ಅಲ್ಲಾಡಿಸಿ, ಉಸಿರು ಹಿಡ್ಕೊಂಡು ಹಿಂದೆ ಹಿಂದೆ ನಡ್ಕೊಂಡು ಬಂದ. ಹಿಂದ್ಗಡೆ ಭಾವ ಅಡಿಕೆ ಕತ್ತಿ ತಂದು ಹಗ್ಗದ ಮೇಲೆ ಇಟ್ಟು ನನ್ನ ಮುಖ ನೋಡಿದ್ರು, ನಾನು ಹುಡುಗನ ಹಿಮ್ಮಡಿ ನೋಡ್ತಿದ್ದೆ, ಗುರುತಿನ ಮೇಲೆ ಬಂತು, ತಲೆ ಆಡಿಸಿದೆ. 'ಈಗ ಸರಿ ಇದ್ಯಾ?' ಹುಡುಗಿ ದೀರ್ಘವಾಗಿ ನೋಡಿ, 'ಹ್ಞೂಂ, ಈಗ ಸರಿ ಇದೆ' ಅಂದ್ಳು. ಭಾವ ಕತ್ತಿ ಎಳೆದ್ರು.

'ಸ್ವಲ್ಪ ಎಡಕ್ಕೆ' ಯಾರಿಗೂ ಕೇಳಿಸ್ಲೇ ಇಲ್ಲ, ಅಷ್ಟು ಗಲಾಟೆ. ಹುಡುಗಿಗೆ ಅದೇ ಬೇಜಾರು.

ರಾತ್ರಿ ಪ್ರಸಾದ ತಿನ್ತಾ ಭಾವ, 'ನಾನು ಹೇಳಿದ್ದೂ ಅದೇ ಅಲ್ವೇನೋ, ಇದೂ ಒಂದು ಕತೆಯಾ? ಕ್ಯಾಲೆಂಡರ್ ಹಾಕೋದು ಒಂದು ಕತೆಯಾ?' ಅಂದ್ರು. ನಾನು ಚಿತ್ರಾನ್ನ ತಿಂದೆ.

ಗೋಡೆ ಈಗ ಭಾವನ ಕೊಟ್ಟಿಗೇಲಿ ಸೌದೆ ಮೇಲೆ ಮಲಗಿದೆ, ನಲವತ್ತು ಕಿಂಡಿ ಇರೋದ್ರಿಂದ ಸೌದೆ ನೆನೆಯುತ್ತೆ ಅಂತ ಅದಕ್ಕೂ ನನಗೇ ಬೈಗುಳ. ಹಿಂಜಸ್ ಬಿಚ್ಕೊಂಡೆ. ಕೋಲು ಅತ್ತೆ ತಗೊಂಡ್ರು, ಹಿತ್ತಲ ಬಾಳೆಗೆ ಮಂಗ ಬಂದ್ರೆ ಚಟಾರ್ ಅನ್ಸೋಕೆ. ಮೊದ್ಲ ಮೂರು ದಿನ ಮಂಗಗಳು ಎದ್ದೆವೋ ಬಿದ್ದೆವೋ ಅಂತ ಓಡಿದ್ವಂತೆ. ನಾಕನೇ ದಿನದಿಂದ ಕಾಂಪೌಂಡ್ ಮೇಲೆ ಸಾಲಾಗಿ ಕೂತು ಅತ್ತೆ ಕೋಲು ಬಾರಿಸೋದನ್ನ ನೋಡ್ತವೆ.